ಒಂದು ಸಾಲು ಬದಲಿಸಿದ್ದಕ್ಕೆ ಇಡೀ ಫ್ರೀಬಿಎಸ್‌ಡಿ ಮತ್ತೆ ಕಟ್ಟಬೇಕಾ?

ಗದಗ ಮುದ್ರಣ
ಶನಿವಾರ, ರಾತ್ರಿ 10:15

ಎಲ್ಲರಿಗೂ ನಮಸ್ಕಾರ. ಗದಗದಲ್ಲಿ ನಮ್ಮದೊಂದು ಸಣ್ಣ ಪ್ರೆಸ್ ಇದೆ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆ ಹ್ಯಾಂಡ್‌ಬಿಲ್, ಇಷ್ಟೇ ಕೆಲಸ. ಗಿರಾಕಿಗಳ ಫೈಲುಗಳನ್ನು ಒಂದೇ ಕಡೆ ಇಡೋಣ ಅಂತ ಹಳೆಯ ಡೆಸ್ಕ್‌ಟಾಪ್ ಒಂದಕ್ಕೆ ಫ್ರೀಬಿಎಸ್‌ಡಿ 14 ಆಪರೇಟಿಂಗ್ ಸಿಸ್ಟಮ್ ಹಾಕಿದ್ದೇನೆ. ಎರಡು ಕೋರ್, 4 ಜಿಬಿ ರ‍್ಯಾಮ್.

ಅದರ ರಿಯಲ್‌ಟೆಕ್ ನೆಟ್‌ವರ್ಕ್ ಚಿಪ್ ದೊಡ್ಡ ಫೈಲ್ ಕಳಿಸುವಾಗ "ವಾಚ್‌ಡಾಗ್ ಟೈಮ್‌ಔಟ್" ಅಂತ ಹೇಳಿ ನಿಂತುಬಿಡುತ್ತದೆ. ಸಿಸ್ಟಮ್‌ನ ಸೋರ್ಸ್ ಕೋಡ್ ಇಳಿಸಿಕೊಂಡು, ಆ ಚಿಪ್ ನಡೆಸುವ ಡ್ರೈವರ್‌ನಲ್ಲಿ ಒಂದೆರಡು ಸಾಲು ಬದಲಿಸಿ ನೋಡುತ್ತಿದ್ದೇನೆ. ಪ್ರತಿ ಸಲವೂ ಬಿಲ್ಡ್‌ವರ್ಲ್ಡ್, ಆಮೇಲೆ ಸಿಸ್ಟಮ್‌ನ ತಿರುಳಾದ ಕರ್ನಲ್ ಕಟ್ಟುವ ಬಿಲ್ಡ್‌ಕರ್ನಲ್. ರಾತ್ರಿ ಹಚ್ಚಿದರೆ ಬೆಳಿಗ್ಗೆ ಮುಗಿಯುತ್ತದೆ, ಅದೂ ನಡುವೆ ಕರೆಂಟ್ ಹೋಗದಿದ್ದರೆ.

ನಮ್ಮ ಅಪ್ಪ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದವರು. ಒಂದು ಅಕ್ಷರ ತಪ್ಪಿದ್ದರೆ ಅದೊಂದೇ ಮೊಳೆ ಕಿತ್ತು ಬೇರೆಯದು ಕೂಡಿಸುತ್ತಿದ್ದರು. ಇಡೀ ಪುಟ ಬಿಚ್ಚುತ್ತಿರಲಿಲ್ಲ. ಇಲ್ಲಿ ಹಾಗೆ ಮಾಡಲು ಬರುವುದಿಲ್ಲವಾ? ಮೊದಲು ಕಟ್ಟಿದ್ದನ್ನು ಅಳಿಸದೆ ಮುಂದುವರಿಯುವ "ನೋ ಕ್ಲೀನ್" ಅಂತ ಒಂದು ಆಯ್ಕೆ ಇದೆ ಅಂತ ಓದಿ ಹಾಕಿ ನೋಡಿದೆ. ನಾನು ಬದಲಿಸಿದ್ದು ಕರ್ನಲ್‌ಗೆ ಬರಲೇ ಇಲ್ಲ. ಆವತ್ತಿನಿಂದ ಅದರ ಮೇಲಿನ ನಂಬಿಕೆ ಹೋಗಿದೆ.

ಹಳೇ ಹುಬ್ಬಳ್ಳಿ
ಶನಿವಾರ, ರಾತ್ರಿ 10:32

ನಂಬಿಕೆ ಹೋಗಿದ್ದು ಒಳ್ಳೆಯದೇ ಆಯಿತು ಬಿಡಿ ಸರ್. ಯಾವಾಗಲೂ ಎಲ್ಲ ಅಳಿಸಿ ಹೊಸದಾಗಿ ಕಟ್ಟಿ. ಹಳಸಿದ ಆಬ್ಜೆಕ್ಟ್ ಫೈಲ್ (ಸೋರ್ಸ್ ಕಂಪೈಲ್ ಆಗಿ ಹುಟ್ಟುವ ಫೈಲ್) ಒಂದರಿಂದ ನಾನು ಎರಡು ದಿನ ಹಾಳು ಮಾಡಿಕೊಂಡಿದ್ದೇನೆ. ಉಳಿಸಿದ ಸಮಯಕ್ಕಿಂತ ಕಳೆದದ್ದೇ ಜಾಸ್ತಿ.

ಉಣಕಲ್ ದಂಡೆ
ಶನಿವಾರ, ರಾತ್ರಿ 10:50

ಮೊದಲ ಮಾತು, ಡ್ರೈವರ್ ಬದಲಿಸಿದ್ದಕ್ಕೆ ವರ್ಲ್ಡ್ ಯಾಕೆ ಕಟ್ಟುತ್ತೀರಿ? ವರ್ಲ್ಡ್ ಅಂದರೆ ಲಿಬ್‌ಸಿ, ಶೆಲ್, ಎಲ್‌ಎಸ್, ಇಂಥ ಯೂಸರ್ ಕಡೆಯ ಸಾಮಾನು. ಅದರಲ್ಲಿ ಹೆಚ್ಚಿನ ಹೊತ್ತು ತಿನ್ನುವುದು ಎಲ್‌ಎಲ್‌ವಿಎಂ, ಕ್ಲ್ಯಾಂಗ್. ನಿಮ್ಮ ಎರಡು ಸಾಲಿನ ಸಲುವಾಗಿ ಪ್ರತಿ ರಾತ್ರಿ ಒಂದು ಸಿ++ ಕಂಪೈಲರ್ ಕಟ್ಟುತ್ತಿದ್ದೀರಿ. ಗಿರ್ಮಿಟ್ ತಿನ್ನಬೇಕೆಂದು ಚುರಮುರಿ ಭಟ್ಟಿ ಹಾಕಿದ ಹಾಗಾಯಿತು.

ಡ್ರೈವರ್ ಇರುವುದು ಕರ್ನಲ್‌ನಲ್ಲಿ. ಹಾಗಾಗಿ ಬಿಲ್ಡ್‌ಕರ್ನಲ್ ಸಾಕು. ಅದೂ ಪೂರ್ತಿ ಬೇಕಿಲ್ಲ. ಸೋರ್ಸ್ ಒಳಗೆ ಸಿಸ್, ಅದರೊಳಗೆ ಮಾಡ್ಯೂಲ್ಸ್, ಅಲ್ಲಿ ಆರ್‌ಇ ಅಂತ ನಿಮ್ಮ ಡ್ರೈವರ್‌ನ ಫೋಲ್ಡರ್ ಇದೆ. ಅಲ್ಲಿಗೆ ಹೋಗಿ ಮೇಕ್ ಕಮಾಂಡ್ ಕೊಡಿ, ಆಮೇಲೆ ಮೇಕ್ ಇನ್‌ಸ್ಟಾಲ್. ಚಹಾ ಆರುವಷ್ಟರಲ್ಲಿ ಮುಗಿಯುತ್ತದೆ.

ಇನ್ನೊಂದು, ಪೋರ್ಟ್ಸ್ ಅನ್ನುವ ಹೆಚ್ಚುವರಿ ಸಾಫ್ಟ್‌ವೇರ್ ಸಂಗ್ರಹದಲ್ಲಿ ರಿಯಲ್‌ಟೆಕ್ ಕಂಪನಿಯದೇ ಡ್ರೈವರ್ ಇದೆ. ಹೆಸರು ರಿಯಲ್‌ಟೆಕ್-ಆರ್‌ಇ-ಕೆಮಾಡ್. ನಿಮ್ಮ ಟೈಮ್‌ಔಟ್ ರೋಗಕ್ಕೆ ಬಹಳ ಜನ ಅದನ್ನೇ ಹಾಕುತ್ತಾರೆ. ಆದರೆ ನೀವು ಕಲಿಯಬೇಕೆಂದು ಹೊರಟಿದ್ದೀರಿ ಅನ್ನಿಸುತ್ತದೆ. ಹಾಗಿದ್ದರೆ ಮುಂದುವರಿಸಿ.

ಗದಗ ಮುದ್ರಣ
ಶನಿವಾರ, ರಾತ್ರಿ 11:20

ಮಾಡಿದೆ ಸರ್. ನಿಜವಾಗಿಯೂ ಒಂದು ನಿಮಿಷದಲ್ಲಿ ಆಯಿತು. ಆದರೆ ಅದರಿಂದ ಬಂದ ಮಾಡ್ಯೂಲ್ (ಕರ್ನಲ್‌ಗೆ ಹೊರಗಿನಿಂದ ಜೋಡಿಸುವ ತುಂಡು) ಲೋಡ್ ಮಾಡಲು ಹೋದರೆ "ಆಗಲೇ ಲೋಡ್ ಆಗಿದೆ ಅಥವಾ ಕರ್ನಲ್‌ನಲ್ಲೇ ಇದೆ" ಅಂತ ಹೇಳುತ್ತದೆ. ಹೊಸದು ಹತ್ತುತ್ತಿಲ್ಲ.

ಸಾಧನಕೇರಿ
ಶನಿವಾರ, ರಾತ್ರಿ 11:41

ಅದು ಸರಿಯಾಗಿಯೇ ಹೇಳುತ್ತಿದೆ. ಜೆನೆರಿಕ್, ಅಂದರೆ ಸಿಸ್ಟಮ್ ಜೊತೆ ಬರುವ ಕರ್ನಲ್‌ನಲ್ಲಿ ಆರ್‌ಇ ಡ್ರೈವರ್ ಒಳಗೇ ಹೊಲಿದಿರುತ್ತದೆ. ಹೊರಗಿನಿಂದ ಅದೇ ಹೆಸರಿನ ಮಾಡ್ಯೂಲ್ ತಂದರೆ ಜಾಗವಿಲ್ಲ ಅನ್ನುತ್ತದೆ.

ನಿಮ್ಮದೇ ಒಂದು ಕಾನ್ಫಿಗ್ ಫೈಲ್ ಮಾಡಿ. ಮೂರೇ ಸಾಲು: ಜೆನೆರಿಕ್ ಅನ್ನು ಇನ್‌ಕ್ಲೂಡ್ ಮಾಡಿ, ಐಡೆಂಟ್‌ಗೆ ನಿಮ್ಮ ಹೆಸರು ಕೊಡಿ, ಆರ್‌ಇ ಬೇಡ ಅನ್ನಲು ನೋಡಿವೈಸ್ ಆರ್‌ಇ ಅಂತ ಬರೆಯಿರಿ. ಇದನ್ನು ಒಂದು ಸಲ ಪೂರ್ತಿ ಕಟ್ಟಿ ಹಾಕಿಕೊಳ್ಳಿ. ಬೂಟ್ ಆಗುವಾಗ ಡ್ರೈವರ್ ಬರಲಿ ಅಂತ ಲೋಡರ್ ಕಾನ್ಫ್‌ನಲ್ಲಿ ಇಫ್-ಆರ್‌ಇ ಲೋಡ್ ಯೆಸ್ ಸಾಲು ಸೇರಿಸಿ. ಅಲ್ಲಿಂದ ಮುಂದೆ ಡ್ರೈವರ್ ಬದಲಿಸಿದಾಗೆಲ್ಲ ಆ ಒಂದು ಮಾಡ್ಯೂಲ್ ಮಾತ್ರ ಕಟ್ಟಿ, ಇಳಿಸಿ, ಏರಿಸಿ. ರೀಬೂಟ್ ಕೂಡ ಬೇಡ. ಎಸ್‌ಎಸ್‌ಎಚ್ ಮೂಲಕ, ಅಂದರೆ ದೂರದಿಂದ, ಅದೇ ನೆಟ್‌ವರ್ಕ್ ಕಾರ್ಡ್ ಮೇಲೆ ಕೂತು ಇಳಿಸಬೇಡಿ ಅಷ್ಟೇ. ಕೂತ ಟೊಂಗೆ ಕಡಿದ ಹಾಗಾಗುತ್ತದೆ. ನಾನು ಕಡಿದಿದ್ದೇನೆ.

ಈಗ ನಿಮ್ಮ ಹಳೆಯ ಪ್ರಶ್ನೆಗೆ ಬರುತ್ತೇನೆ. ನೋ ಕ್ಲೀನ್ ಹಾಕಿದಾಗ ಬದಲಾವಣೆ ಬರಲಿಲ್ಲ ಅಂದಿರಲ್ಲ, ಅದು ನನ್ನ ತಲೆಯಲ್ಲಿ ಕೊರೆಯುತ್ತಿದೆ. ಸುಮ್ನೆ ಹಾಗೆ ಆಗುವುದಿಲ್ಲ. ಆ ದಿನ ಏನೇನು ಮಾಡಿದಿರಿ ಅಂತ ಗಂಟೆ ಸಮೇತ ನೆನಪಿದೆಯಾ?

ಗದಗ ಮುದ್ರಣ
ಭಾನುವಾರ, ಬೆಳಿಗ್ಗೆ 7:05

ಇದೆ ಅಕ್ಕಾರ. ಸಿಸ್ಟಮ್ ಇನ್‌ಸ್ಟಾಲ್ ಮಾಡಿದ ದಿನವೇ ಅದು. ಮಧ್ಯಾಹ್ನ ಇನ್‌ಸ್ಟಾಲ್ ಮುಗಿಯಿತು. ಜೆನೆರಿಕ್ ಕರ್ನಲ್ ಒಂದು ಸಲ ಕಟ್ಟಿ ನೋಡಿದೆ, ಸಂಜೆ ಏಳಕ್ಕೆ ಮುಗಿಯಿತು. ಎಂಟರ ಹೊತ್ತಿಗೆ ಗಡಿಯಾರ ತಪ್ಪಾಗಿದೆ ಅಂತ ಗೊತ್ತಾಗಿ ನೆಟ್‌ನಿಂದ ಸಮಯ ಸರಿಪಡಿಸುವ ಎನ್‌ಟಿಪಿ ಹಚ್ಚಿದೆ, ಸರಿ ಹೋಯಿತು. ಒಂಬತ್ತಕ್ಕೆ ಡ್ರೈವರ್ ಫೈಲ್ ತಿದ್ದಿದೆ. ಒಂಬತ್ತೂಕಾಲಿಗೆ ನೋ ಕ್ಲೀನ್ ಹಾಕಿ ಬಿಲ್ಡ್‌ಕರ್ನಲ್. ಆರ್‌ಇ ಫೈಲ್ ಕಂಪೈಲ್ ಆಗಿದ್ದೇ ಕಾಣಲಿಲ್ಲ.

ಸಾಧನಕೇರಿ
ಭಾನುವಾರ, ಬೆಳಿಗ್ಗೆ 7:30

ಸಿಕ್ಕಿತು ಅನ್ನಿಸುತ್ತದೆ. ಎರಡು ಪ್ರಶ್ನೆ. ಆ ಮಶೀನ್‌ನಲ್ಲಿ ಮೊದಲು ವಿಂಡೋಸ್ ಇತ್ತಾ? ಗಡಿಯಾರ ತಪ್ಪಿತ್ತು ಅಂದರೆ ಐದೂವರೆ ತಾಸು ಮುಂದಿತ್ತಾ?

ಗದಗ ಮುದ್ರಣ
ಭಾನುವಾರ, ಬೆಳಿಗ್ಗೆ 7:34

ಎರಡಕ್ಕೂ ಹೌದು! ನಿಮಗೆ ಹೇಗೆ ಗೊತ್ತಾಯಿತು?

ಸಾಧನಕೇರಿ
ಭಾನುವಾರ, ಬೆಳಿಗ್ಗೆ 8:10

ಚಹಾ ಕುಡಿದು ಬಂದೆ. ಈಗ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೇಕ್ ಅನ್ನುವ ಕಾರ್ಯಕ್ರಮವನ್ನು 1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ಬರೆದರು. ಅದರ ಹೊಟ್ಟೆಯೊಳಗಿನ ವಿಚಾರ ಬಹಳ ಸಣ್ಣದು. ಸೋರ್ಸ್ ಫೈಲ್‌ನ ತಾರೀಖು, ಸಮಯ ನೋಡು. ಅದರಿಂದ ಆದ ಆಬ್ಜೆಕ್ಟ್ ಫೈಲ್‌ನ ಸಮಯ ನೋಡು. ಸೋರ್ಸ್ ಹೊಸದಾಗಿದ್ದರೆ ಮತ್ತೆ ಕಂಪೈಲ್ ಮಾಡು. ಇಲ್ಲದಿದ್ದರೆ ಬಿಡು. ಫೈಲ್ ಒಳಗೆ ಏನು ಬರೆದಿದೆ ಅಂತ ಅದು ತೆರೆದು ನೋಡುವುದೇ ಇಲ್ಲ.

ವಿಂಡೋಸ್ ಮದರ್‌ಬೋರ್ಡ್ ಗಡಿಯಾರವನ್ನು ನಮ್ಮ ಭಾರತೀಯ ಸಮಯದಲ್ಲೇ ಇಡುತ್ತದೆ. ಫ್ರೀಬಿಎಸ್‌ಡಿ ಹಾಕುವಾಗ "ಈ ಗಡಿಯಾರ ಯುಟಿಸಿ ಅನ್ನುವ ಜಾಗತಿಕ ಸಮಯದಲ್ಲಿದೆಯಾ" ಅಂತ ಕೇಳಿರುತ್ತದೆ, ನೀವು ಹೌದು ಅಂದಿರುತ್ತೀರಿ. ಹಾಗಾಗಿ ಅದು ಸಂಜೆ ಏಳನ್ನು ಯುಟಿಸಿಯ ಏಳು ಅಂದುಕೊಂಡು, ಮೇಲೆ ಐದೂವರೆ ಕೂಡಿಸಿ, ರಾತ್ರಿ ಹನ್ನೆರಡೂವರೆ ಮಾಡಿತು. ಸಂಜೆ ಏಳಕ್ಕೆ ಹುಟ್ಟಿದ ಆಬ್ಜೆಕ್ಟ್ ಫೈಲ್ ಮೇಲೆ ಹನ್ನೆರಡೂವರೆಯ ಮುದ್ರೆ ಬಿತ್ತು. ಆಮೇಲೆ ಎನ್‌ಟಿಪಿ ಗಡಿಯಾರವನ್ನು ಹಿಂದಕ್ಕೆ ತಂದಿತು. ನೀವು ಒಂಬತ್ತಕ್ಕೆ ತಿದ್ದಿದಿರಿ. ಮೇಕ್ ಕಣ್ಣಿಗೆ ಸೋರ್ಸ್ ಒಂಬತ್ತರದು, ಆಬ್ಜೆಕ್ಟ್ ಹನ್ನೆರಡೂವರೆಯದು. "ಮಗು ಅವ್ವನಿಗಿಂತ ಆಮೇಲೆ ಹುಟ್ಟಿದೆ, ಎಲ್ಲ ಸರಿ ಇದೆ" ಅಂತ ಮುಂದೆ ಹೋಯಿತು.

ನೋ ಕ್ಲೀನ್‌ದು ತಪ್ಪೇನಿಲ್ಲ. ಗಡಿಯಾರದ್ದು ತಪ್ಪು. ಆ ರಾತ್ರಿ ಫೈಲ್‌ಗಳ ಪೂರ್ತಿ ಸಮಯ ನೋಡಿದ್ದರೆ ಆಗಲೇ ತಿಳಿಯುತ್ತಿತ್ತು. ಎಲ್‌ಎಸ್‌ಗೆ ಹೈಫನ್ ಎಲ್, ದೊಡ್ಡ ಟಿ ಕೊಟ್ಟರೆ ಸೆಕೆಂಡ್ ಸಮೇತ ತೋರಿಸುತ್ತದೆ. ಲಿನಕ್ಸ್ ಕಡೆ ಬಳಸುವ ಗ್ನೂ ಮೇಕ್ ಆದರೆ ಇಂಥ ಕಡೆ "ಕ್ಲಾಕ್ ಸ್ಕ್ಯೂ ಕಂಡಿದೆ, ಬಿಲ್ಡ್ ಅಪೂರ್ಣ ಇರಬಹುದು" ಅಂತ ಗೊಣಗುತ್ತದೆ. ಆ ಸಾಲನ್ನು ಯಾರೂ ಓದುವುದಿಲ್ಲ, ಅದು ಬೇರೆ ಮಾತು.

ಹಳೇ ಹುಬ್ಬಳ್ಳಿ
ಭಾನುವಾರ, ಬೆಳಿಗ್ಗೆ 9:02

ಅಂದರೆ ನಾನು ಹೇಳಿದ್ದೇ ಆಯಿತಲ್ಲ ಅಕ್ಕಾರ. ಗಡಿಯಾರ ನೆಚ್ಚಿದ ವ್ಯವಸ್ಥೆ ನೆಚ್ಚಬಾರದು. ಎಲ್ಲ ಅಳಿಸಿ ಕಟ್ಟಿದ್ದರೆ ಈ ಪುರಾಣವೇ ಇರುತ್ತಿರಲಿಲ್ಲ.

ಸಾಧನಕೇರಿ
ಭಾನುವಾರ, ಬೆಳಿಗ್ಗೆ 9:20

ಅಳಿಸಿ ಕಟ್ಟಿದರೆ ಕೆಲಸ ಆಗುತ್ತದೆ, ಯಾಕೆ ಕೆಟ್ಟಿತ್ತು ಅನ್ನುವುದು ಮುಚ್ಚಿ ಹೋಗುತ್ತದೆ. ಇವರು ಎಷ್ಟು ರಾತ್ರಿ ಕಳೆದರು ನೋಡಿ. ಕಾರಣ ಗೊತ್ತಿದ್ದರೆ ಆ ಡ್ರೈವರ್‌ನ ಹಳೆಯ ಆಬ್ಜೆಕ್ಟ್ ಫೈಲ್ ಅಳಿಸಿದ್ದರೆ ಸಾಕಿತ್ತು.

ಇದೇ ಜಾತಿಯ ಇನ್ನೊಂದು ಬಲೆ ಇದೆ. ಹಳೆಯ ಪ್ರತಿಯನ್ನು ಪೆನ್‌ಡ್ರೈವ್‌ನಿಂದ ಸಮಯ ಉಳಿಸಿಕೊಂಡು ಕಾಪಿ ಮಾಡುತ್ತೀರಿ, ಸಿಪಿಗೆ ಹೈಫನ್ ಪಿ ಕೊಟ್ಟು. ಫೈಲ್ ಒಳಗಿನದು ಬದಲಾಗಿದೆ, ಆದರೆ ಅದರ ಸಮಯ ಹೋದ ತಿಂಗಳದು. ಮೇಕ್ ಕದಲುವುದಿಲ್ಲ. ಸೋರ್ಸ್‌ನ ಆವೃತ್ತಿಗಳನ್ನು ಇಡುವ ಗಿಟ್‌ದು ಇದಕ್ಕೆ ಉಲ್ಟಾ. ಬೇರೆ ಬ್ರಾಂಚ್‌ಗೆ ಹೋಗಿ ಹಾಗೇ ವಾಪಸ್ ಬಂದರೆ ಫೈಲ್ ಒಳಗಿನದು ಮೊದಲಿನದೇ, ಆದರೆ ಸಮಯ ಈಗಿನದು. ಮೇಕ್ ಅಷ್ಟನ್ನೂ ಮತ್ತೆ ಕಟ್ಟುತ್ತದೆ. ಎರಡು ಬ್ರಾಂಚ್ ಬೇಕಿದ್ದರೆ ಗಿಟ್ ವರ್ಕ್‌ಟ್ರೀ ಮಾಡಿಕೊಂಡು ಎರಡು ಫೋಲ್ಡರ್ ಇಟ್ಟುಕೊಳ್ಳಿ. ಫ್ರೀಬಿಎಸ್‌ಡಿ ಆಬ್ಜೆಕ್ಟ್‌ಗಳನ್ನು ಸೋರ್ಸ್ ಇರುವ ದಾರಿಯ ಹೆಸರಿನಲ್ಲೇ ಇಡುತ್ತದೆ. ಹಾಗಾಗಿ ಒಂದರದು ಇನ್ನೊಂದಕ್ಕೆ ತಾಗುವುದಿಲ್ಲ.

ಉಣಕಲ್ ದಂಡೆ
ಭಾನುವಾರ, ಬೆಳಿಗ್ಗೆ 10:00

ಸಮಯ ಒಂದನ್ನೇ ನೆಚ್ಚುವುದು ಸಾಲದು ಅನ್ನುವವರಿಗೆ ಫ್ರೀಬಿಎಸ್‌ಡಿಯಲ್ಲೇ ಮದ್ದಿದೆ. ಮೆಟಾ ಮೋಡ್. ಪ್ರತಿ ಆಬ್ಜೆಕ್ಟ್ ಪಕ್ಕದಲ್ಲಿ ಒಂದು ಮೆಟಾ ಫೈಲ್ ಬರೆದಿಡುತ್ತದೆ. ಯಾವ ಕಮಾಂಡ್‌ನಿಂದ ಇದು ಹುಟ್ಟಿತು ಅಂತ ಅದರಲ್ಲಿರುತ್ತದೆ. ಜೊತೆಗೆ ಫೈಲ್‌ಮಾನ್ ಅನ್ನುವ ಕರ್ನಲ್ ಮಾಡ್ಯೂಲ್ ಹಾಕಿಕೊಂಡರೆ, ಕಂಪೈಲರ್ ನಿಜವಾಗಿ ಯಾವ ಯಾವ ಫೈಲ್ ತೆರೆದು ಓದಿತು ಅನ್ನುವುದೂ ದಾಖಲಾಗುತ್ತದೆ. ಕಟ್ಟುವ ನಿಯಮಗಳಿರುವ ಮೇಕ್‌ಫೈಲ್‌ನಲ್ಲಿ ಯಾರೋ ಬರೆಯಲು ಮರೆತದ್ದನ್ನೂ ಇದು ಹಿಡಿಯುತ್ತದೆ. ನೀವು ಕಂಪೈಲರ್ ಫ್ಲ್ಯಾಗ್ ಒಂದನ್ನು ಬದಲಿಸಿದಿರಿ ಅನ್ನಿ. ಸೋರ್ಸ್ ಸಮಯ ಹಾಗೇ ಇದೆ. ಬರೀ ಮೇಕ್‌ಗೆ ಗೊತ್ತಾಗುವುದಿಲ್ಲ. ಮೆಟಾ ಮೋಡ್‌ಗೆ ಗೊತ್ತಾಗುತ್ತದೆ.

ಅದರ ಸಾಲನ್ನು ಎಸ್‌ಆರ್‌ಸಿ-ಎನ್ವ್ ಕಾನ್ಫ್‌ನಲ್ಲಿ ಬರೆಯಬೇಕು, ಎಸ್‌ಆರ್‌ಸಿ ಕಾನ್ಫ್‌ನಲ್ಲಿ ಅಲ್ಲ. ಬಹಳ ಜನ ಎಡವುವುದು ಇಲ್ಲೇ. ಫೈಲ್‌ಮಾನ್ ಇದ್ದರೆ ಮೊದಲು ಎಲ್ಲ ಅಳಿಸುವ ಹಂತ ತಾನಾಗಿಯೇ ನಿಲ್ಲುತ್ತದೆ.

ಹಾಂ, ಆಬ್ಜೆಕ್ಟ್ ಫೋಲ್ಡರ್ ಅನ್ನು ರ‍್ಯಾಮ್‌ಡಿಸ್ಕ್ ಮೇಲೆ ಇಟ್ಟು "ಫಾಸ್ಟ್ ಆಗುತ್ತದೆ" ಅಂತ ಖುಷಿಪಡಬೇಡಿ. ಕರೆಂಟ್ ಹೋದರೆ ಎಲ್ಲ ಮಾಯ.

ವಿದ್ಯಾನಗರ ಹಾಸ್ಟೆಲ್
ಭಾನುವಾರ, ಬೆಳಿಗ್ಗೆ 11:15

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಲಿನಕ್ಸ್ ಕರ್ನಲ್ ಕಲಿಯುತ್ತಿದ್ದೇನೆ. ಸಿ ಫೈಲ್ ತಿದ್ದಿದರೆ ಬೇಗ ಆಗುತ್ತದೆ. ಆದರೆ ನಿನ್ನೆ ಸ್ಕೆಡ್ ಹೆಡರ್‌ನಲ್ಲಿ ಒಂದು ಕಾಮೆಂಟ್ ಸೇರಿಸಿದೆ. ಬರೀ ಕಾಮೆಂಟ್! ಹೆಚ್ಚುಕಡಿಮೆ ಇಡೀ ಕರ್ನಲ್ ಮತ್ತೆ ಕಟ್ಟಿತು. ಊಟಕ್ಕೆ ಹೋಗಿ ಬಂದರೂ ಮುಗಿದಿರಲಿಲ್ಲ.

ಗದಗ ಮುದ್ರಣ
ಭಾನುವಾರ, ಬೆಳಿಗ್ಗೆ 11:40

ಇದು ನನಗೂ ಅರ್ಥವಾಗುವ ವಿಷಯ ತಮ್ಮಾ. ಪುಟದ ನಡುವಿನ ಒಂದು ಅಕ್ಷರ ಬದಲಿಸಿದರೆ ಒಂದೇ ಮೊಳೆ. ಮೊದಲ ಪುಟದ ಮೇಲೆ ಒಂದು ಸಾಲು ಹೊಸದಾಗಿ ಸೇರಿಸಿದರೆ ಕೆಳಗಿನ ಸಾಲುಗಳೆಲ್ಲ ಸರಿಯುತ್ತವೆ, ಪುಟಗಳೆಲ್ಲ ಸರಿಯುತ್ತವೆ. ಅಪ್ಪ ಅಂಥ ಗಿರಾಕಿಗೆ ಡಬಲ್ ಚಾರ್ಜ್ ಹಾಕುತ್ತಿದ್ದರು.

ಸಾಧನಕೇರಿ
ಭಾನುವಾರ, ಮಧ್ಯಾಹ್ನ 12:05

ಬರೋಬ್ಬರಿ ಹೇಳಿದಿರಿ. ಆ ಹೆಡರ್ ಅನ್ನು ಕರ್ನಲ್‌ನ ಸಾವಿರಾರು ಫೈಲ್‌ಗಳು ಎಳೆದುಕೊಳ್ಳುತ್ತವೆ, ನೇರವಾಗಿ ಅಥವಾ ಇನ್ನೊಂದು ಹೆಡರ್ ಮೂಲಕ. ಲಿನಕ್ಸ್‌ನವರಿಗೇ ಇದು ಹಳೆಯ ತಲೆನೋವು. 2022ರ ಜನವರಿಯಲ್ಲಿ ಲಿನಕ್ಸ್ ಕರ್ನಲ್ ಡೆವಲಪರ್ ಇಂಗೋ ಮೋಲ್ನಾರ್ ಈ ಹೆಡರ್‌ಗಳ ಗಂಟು ಬಿಡಿಸಲು 2,000ಕ್ಕೂ ಹೆಚ್ಚು ಪ್ಯಾಚ್‌ಗಳ ಒಂದು ಮೂಟೆಯನ್ನೇ ಕಳಿಸಿದರು.

ತಮ್ಮಾ, ನಿನಗೆ ಒಂದು ಉಪಾಯ. ಮೇಕ್ ಜೊತೆಗೆ ದೊಡ್ಡ ವಿ ಸಮ ಎರಡು ಅಂತ ಕೊಡು. ಪ್ರತಿ ಫೈಲ್‌ನ ಮುಂದೆ ಅದನ್ನು ಯಾಕೆ ಮತ್ತೆ ಕಟ್ಟಿದೆ ಅಂತ ಲಿನಕ್ಸ್ ಹೇಳುತ್ತದೆ. ಯಾವ ಹೆಡರ್‌ನಿಂದ, ಕಮಾಂಡ್ ಬದಲಾಗಿದ್ದಕ್ಕಾ, ಎಲ್ಲವನ್ನೂ. ಊಹೆ ಮಾಡುವ ಕೆಲಸ ಇರುವುದಿಲ್ಲ.

ಕಾಮೆಂಟ್ ವಿಷಯಕ್ಕೆ ಸಿಕ್ಯಾಶ್ ಹಾಕಿಕೋ. ಅದು ಪ್ರಿಪ್ರೊಸೆಸ್ ಆದ, ಅಂದರೆ ಹೆಡರ್‌ಗಳೆಲ್ಲ ಒಳಗೆ ಸೇರಿದ ಮೇಲಿನ, ಪಠ್ಯದ ಹ್ಯಾಶ್ (ಬೆರಳಚ್ಚಿನಂಥ ಗುರುತು) ನೋಡಿ, ಅದು ಮೊದಲಿನದೇ ಆಗಿದ್ದರೆ ಹಳೆಯ ಆಬ್ಜೆಕ್ಟ್ ತಂದು ಕೊಡುತ್ತದೆ. ಕಾಮೆಂಟ್ ಅಷ್ಟರಲ್ಲಿ ಉದುರಿ ಹೋಗಿರುತ್ತದೆ. ಆದರೆ ಡೀಬಗ್ ಮಾಹಿತಿ ಸೇರಿಸಿದ್ದರೆ ಸಾಲಿನ ಸಂಖ್ಯೆಯೂ ಲೆಕ್ಕಕ್ಕೆ ಬರುತ್ತದೆ. ಕಾಮೆಂಟ್‌ನಿಂದ ಸಾಲು ಕೆಳಗೆ ಸರಿದರೆ ಮತ್ತೆ ಕಟ್ಟಲೇಬೇಕು. ಇದೂ ಪುಟ ಸರಿದ ಕಥೆಯೇ. ಸುಮ್ನೆ ಬಿಟ್ಟರೆ ಸಿಕ್ಯಾಶ್ 5 ಜಿಬಿವರೆಗೆ ಇಟ್ಟುಕೊಳ್ಳುತ್ತದೆ. ಡಿಸ್ಕ್ ಇದ್ದರೆ ಹೆಚ್ಚಿಸಿಕೋ.

ಲೋಕಲ್‌ಮಾಡ್‌ಕಾನ್ಫಿಗ್ ಮಾಡಿದ್ದೀಯಾ? ನಿನ್ನ ಲ್ಯಾಪ್‌ಟಾಪ್‌ನಲ್ಲಿ ಈಗ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನು ಮಾತ್ರ ಉಳಿಸಿ ಉಳಿದದ್ದನ್ನು ಕಾನ್ಫಿಗ್‌ನಿಂದ ತೆಗೆಯುತ್ತದೆ. ಅದನ್ನು ಓಡಿಸುವ ಮುಂಚೆ ಪೆನ್‌ಡ್ರೈವ್, ಪ್ರಿಂಟರ್, ಬೇಕಾದದ್ದೆಲ್ಲ ಚುಚ್ಚಿ ಇಟ್ಟಿರು. ಇಲ್ಲದಿದ್ದರೆ ಅವುಗಳ ಡ್ರೈವರ್ ಹೋಗಿಬಿಡುತ್ತದೆ.

ಏಲಕ್ಕಿ ಹಾವೇರಿ
ಭಾನುವಾರ, ಮಧ್ಯಾಹ್ನ 2:48

ಬೇಡದ್ದು ತೆಗೆಯುವ ಮಾತು ಬಂತಲ್ಲ, ನನ್ನ ಅನುಭವ ಕೇಳಿ. ಫ್ರೀಬಿಎಸ್‌ಡಿಯಲ್ಲಿ ಮಾಡ್ಯೂಲ್ಸ್ ಓವರ್‌ರೈಡ್ ಅಂತ ಒಂದಿದೆ. ಅದರಲ್ಲಿ ಹೆಸರಿಸಿದ ಮಾಡ್ಯೂಲ್‌ಗಳನ್ನು ಮಾತ್ರ ಕಟ್ಟುತ್ತದೆ. ನೂರಾರು ಮಾಡ್ಯೂಲ್ ಯಾಕೆ ಅಂತ ನಾನೂ ಜಾಣತನ ಮಾಡಿ ಆರ್‌ಇ ಒಂದನ್ನೇ ಬರೆದೆ. ಬಿಲ್ಡ್ ಭರ್ರಂತ ಮುಗಿಯಿತು. ಇನ್‌ಸ್ಟಾಲ್‌ಕರ್ನಲ್ ಮಾಡಿದೆ. ರೀಬೂಟ್ ಮಾಡಿದೆ.

ನನ್ನ ರೂಟ್ ಡಿಸ್ಕ್ ಇದ್ದದ್ದು ಝಡ್‌ಎಫ್‌ಎಸ್ ಫೈಲ್ ಸಿಸ್ಟಮ್ ಮೇಲೆ. ಝಡ್‌ಎಫ್‌ಎಸ್ ಕೂಡ ಒಂದು ಮಾಡ್ಯೂಲ್! ಹೊಸ ಕರ್ನಲ್ ಫೋಲ್ಡರ್‌ನಲ್ಲಿ ಅದಿಲ್ಲ. ಕರ್ನಲ್ ಎದ್ದಿತು, ರೂಟ್ ಸಿಗದೆ ನಿಂತಿತು. ಎದೆ ಧಸಕ್ ಅಂತು. ಅಂಗಡಿಯ ಲೆಕ್ಕವೆಲ್ಲ ಅದರಲ್ಲೇ ಇತ್ತು.

ಪುಣ್ಯಕ್ಕೆ ಇನ್‌ಸ್ಟಾಲ್‌ಕರ್ನಲ್ ಹಳೆಯದನ್ನು ಕರ್ನಲ್ ಡಾಟ್ ಓಲ್ಡ್ ಅಂತ ಎತ್ತಿಟ್ಟಿರುತ್ತದೆ. ಲೋಡರ್ ಪ್ರಾಂಪ್ಟ್‌ಗೆ ಹೋಗಿ ಬೂಟ್ ಕರ್ನಲ್ ಡಾಟ್ ಓಲ್ಡ್ ಅಂದೆ, ಎದ್ದು ಬಂತು. ರೀಬೂಟ್ ಮಾಡುವ ಮುಂಚೆ ಇನ್‌ಸ್ಟಾಲ್‌ಕರ್ನಲ್ ಇನ್ನೊಂದು ಸಲ ಹೊಡೆದಿದ್ದರೆ ಆ ಒಳ್ಳೆಯ ಹಳೆಯದೂ ಹೋಗುತ್ತಿತ್ತು.

ಉಣಕಲ್ ದಂಡೆ
ಭಾನುವಾರ, ಮಧ್ಯಾಹ್ನ 3:10

ಇದನ್ನು ಓದಿದವರು ಈಗಲೇ ಚೆನ್ನಾಗಿರುವ ಕರ್ನಲ್ ಫೋಲ್ಡರ್ ಒಂದನ್ನು ಬೇರೆ ಹೆಸರಿನಲ್ಲಿ ಕಾಪಿ ಮಾಡಿಟ್ಟುಕೊಳ್ಳಿ. ನನ್ನದು "ಕರ್ನಲ್ ಡಾಟ್ ಗುಡ್".

ಕರ್ನ್‌ಫಾಸ್ಟ್ ಅನ್ನುವ ಆಯ್ಕೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಅದನ್ನು ಕೊಟ್ಟರೆ ಅಳಿಸುವುದೂ ಇಲ್ಲ, ಕಾನ್ಫಿಗ್ ಮತ್ತೆ ಓದುವುದೂ ಇಲ್ಲ. ಸಿ ಫೈಲ್ ತಿದ್ದುವವರಿಗೆ ಬಹಳ ಚಲೋ. ಆದರೆ ಕಾನ್ಫಿಗ್‌ನಲ್ಲಿ ನೋಡಿವೈಸ್ ಸೇರಿಸಿ ಆಮೇಲೆ ಕರ್ನ್‌ಫಾಸ್ಟ್ ಕೊಟ್ಟು "ಬದಲಾಗಲೇ ಇಲ್ಲ" ಅಂತ ಮತ್ತೊಂದು ಚರ್ಚೆ ಶುರು ಮಾಡಬೇಡಿ.

ಹಳೇ ಹುಬ್ಬಳ್ಳಿ
ಭಾನುವಾರ, ಸಂಜೆ 5:30

ಸರಿ, ಸೋತೆ ಅಂತ ಅಲ್ಲ, ಅರ್ಧ ಒಪ್ಪಿದೆ. ಹಾಗಾದರೆ ಪೂರ್ತಿ ಅಳಿಸಿ ಕಟ್ಟುವುದು ಯಾವಾಗ? ಯಾವಾಗಲೂ ಬೇಡ ಅಂತಲಾ?

ಸಾಧನಕೇರಿ
ಭಾನುವಾರ, ಸಂಜೆ 6:15

ಹಾಗೇನಿಲ್ಲ ಅಣ್ಣಾರ. ಸೋರ್ಸ್ ಜೊತೆಗೆ ಅಪ್‌ಡೇಟಿಂಗ್ ಅಂತ ಒಂದು ಫೈಲ್ ಬರುತ್ತದೆ. ಹೊಸ ಸೋರ್ಸ್ ಎಳೆದಾಗಲೆಲ್ಲ ಅದನ್ನು ಓದಬೇಕು. ಅಳಿಸಿ ಕಟ್ಟಿ ಅಂತ ಅದರಲ್ಲಿ ಬರೆದಿದ್ದರೆ ವಾದ ಮಾಡದೆ ಅಳಿಸಿ. 13ರಿಂದ 14ಕ್ಕೆ ಹೋಗುವಂಥ ದೊಡ್ಡ ಜಿಗಿತವಿದ್ದರೂ ನಾನು ಅಳಿಸಿಯೇ ಕಟ್ಟುತ್ತೇನೆ. ಯಾವುದೋ ಹೆಡರ್ ತೆಗೆದುಹಾಕಿದ್ದಾರೆ, ಹಳೆಯ ಡಿಪೆಂಡ್ ಫೈಲ್ ಇನ್ನೂ ಅದನ್ನೇ ಕೇಳುತ್ತಿದೆ, ಮೇಕ್ "ಇದನ್ನು ಮಾಡುವುದು ಹೇಗೆಂದು ಗೊತ್ತಿಲ್ಲ" ಅನ್ನುತ್ತದೆ. ಇಂಥ ಹಳಸಿದ ಡಿಪೆಂಡ್‌ಗಳನ್ನು ಹುಡುಕಿ ತೆಗೆಯಲೆಂದೇ ಸೋರ್ಸ್ ಒಳಗೆ ಡಿಪೆಂಡ್-ಕ್ಲೀನಪ್ ಅನ್ನುವ ಸ್ಕ್ರಿಪ್ಟ್ ಇದೆ. ಆದರೂ ಎಲ್ಲವೂ ಅದರ ಕೈಗೆ ಸಿಗುತ್ತದೆ ಅಂತೇನಿಲ್ಲ.

ಒಂದೇ ಒಂದು ಸಣ್ಣ ಪ್ರೋಗ್ರಾಮ್ ತಿದ್ದಿದ್ದರೆ, ಎಲ್‌ಎಸ್ ಅನ್ನಿ, ಅದರ ಫೋಲ್ಡರ್‌ನಲ್ಲೇ ಮೇಕ್ ಮಾಡಬಹುದು. ಆಗ ಅದು ಈಗ ಓಡುತ್ತಿರುವ ಸಿಸ್ಟಮ್‌ನ ಹೆಡರ್, ಲೈಬ್ರರಿಗಳನ್ನೇ ಬಳಸುತ್ತದೆ. ನಿಮ್ಮ ಸೋರ್ಸ್ ಸಿಸ್ಟಮ್‌ಗಿಂತ ಬಹಳ ಮುಂದೆ ಹೋಗಿದ್ದರೆ ಹೊಂದುವುದಿಲ್ಲ. ಅದಕ್ಕೆ ಬಿಲ್ಡ್‌ಎನ್ವ್ ಅಂತ ಇದೆ, ಹೊಸ ಸೋರ್ಸ್‌ಗೆ ತಕ್ಕ ವಾತಾವರಣದಲ್ಲಿ ಒಂದು ಶೆಲ್ ಕೊಡುತ್ತದೆ.

ಗದಗ ಮುದ್ರಣ
ಭಾನುವಾರ, ರಾತ್ರಿ 9:50

ಎಲ್ಲ ಓದಿ ಒಂದೊಂದಾಗಿ ಮಾಡಿದೆ. ನೋಡಿವೈಸ್ ಹಾಕಿದ ಕರ್ನಲ್ ಸಂಜೆಯೇ ಎದ್ದಿತು. ಡ್ರೈವರ್ ಈಗ ಹೊರಗಿನ ಮಾಡ್ಯೂಲ್. ಆಗಿನಿಂದ ಇಲ್ಲಿಯವರೆಗೆ ಹನ್ನೊಂದು ಸಲ ತಿದ್ದಿ ಹನ್ನೊಂದು ಸಲ ಕಟ್ಟಿದ್ದೇನೆ. ಮೊದಲಾಗಿದ್ದರೆ ಹನ್ನೊಂದು ರಾತ್ರಿ. ಟೈಮ್‌ಔಟ್ ಇನ್ನೂ ಹೋಗಿಲ್ಲ ಅನ್ನಿ, ಆದರೆ ಎಲ್ಲಿ ಬರುತ್ತಿದೆ ಅನ್ನುವುದು ಕಾಣುತ್ತಿದೆ.

ಮೆಟಾ ಮೋಡ್, ಫೈಲ್‌ಮಾನ್ ಹಾಕಿ ವರ್ಲ್ಡ್‌ಗೂ ಹಚ್ಚಿದ್ದೆ. ಎಂಟೂವರೆಗೆ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತಿದೆ, ಹಾಗಾಗಿ ಮಶೀನ್ ಧೊಪ್ ಅಂತ ಆಫ್. ಈಗ ಮತ್ತೆ ಹಚ್ಚಿದರೆ ಒಂದು ಕಡೆ ಲಿಂಕ್ ಆಗುವಾಗ ಆಬ್ಜೆಕ್ಟ್ ಫೈಲ್ ಯಾವ ಜಾತಿಯದು ಗೊತ್ತಿಲ್ಲ ಅಂತ ನಿಂತಿದೆ.

ಉಣಕಲ್ ದಂಡೆ
ಭಾನುವಾರ, ರಾತ್ರಿ 10:04

ಯುಎಫ್‌ಎಸ್ ಫೈಲ್ ಸಿಸ್ಟಮ್ ಅಲ್ಲವಾ ನಿಮ್ಮದು? ಕರೆಂಟ್ ಹೋದಾಗ ಬರೆಯುತ್ತಿದ್ದ ಫೈಲ್‌ಗೆ ಹೆಸರು ಬಿದ್ದಿದೆ, ಸಮಯ ಬಿದ್ದಿದೆ, ಒಳಗೆ ಏನೂ ಬಿದ್ದಿಲ್ಲ. ಮೇಕ್‌ಗೆ ಅದು ಹೊಸ ಫೈಲ್. ಆಬ್ಜೆಕ್ಟ್ ಫೋಲ್ಡರ್‌ನಲ್ಲಿ ಸೈಜ್ ಸೊನ್ನೆ ಇರುವ ಡಾಟ್ ಓ ಫೈಲ್‌ಗಳನ್ನು ಫೈಂಡ್‌ನಿಂದ ಹುಡುಕಿ ಅಳಿಸಿ. ಆ ಮೇಲೆ ಅದೇ ಕಮಾಂಡ್.

ಗದಗ ಮುದ್ರಣ
ಭಾನುವಾರ, ರಾತ್ರಿ 10:21

ಮೂರು ಸಿಕ್ಕವು, ಅಳಿಸಿದೆ. ಮೂರನ್ನೇ ಕಟ್ಟಿಕೊಂಡು, ನಿಂತಲ್ಲಿಂದ ಮುಂದೆ ಹೊರಟಿದೆ. ನಾಳೆ ಮೊದಲ ಕೆಲಸ ಬ್ಯಾಟರಿ ತರುವುದು.